ಒಂದೊಂದು ಬೆಟ್ಟದಲ್ಲಿ ಒಂದೊಂದು ಬಗೆಯ ಬಿಲದ ಹಾವು ಏಕೆ?

ಪಶ್ಚಿಮ ಘಟ್ಟದ ಗುರಾಣಿಬಾಲದ ಹಾವುಗಳಲ್ಲಿ, ಅಂದರೆ ಮಣ್ಣಿನೊಳಗೆ ಬಿಲ ಕೊರೆದು ಬಾಳುವ ಮೊಂಡು ಬಾಲದ ಹಾವುಗಳಲ್ಲಿ, ಇಷ್ಟೊಂದು ಜಾತಿ ಏಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ, ಬಹಳ ಹಿಂದೆ ಸುತ್ತಲಿನ ಬಯಲು ಒಣಗಿ ಇವು ಬೆಟ್ಟಗಳಲ್ಲೇ ಬೇರೆ ಬೇರೆಯಾಗಿ ಉಳಿದುಕೊಂಡದ್ದು.

ಇವಕ್ಕೆ ತಂಪಾದ, ಒದ್ದೆ ಮಣ್ಣು ಬೇಕೇ ಬೇಕು. ತಿನ್ನುವ ಎರೆಹುಳು ಸಿಗೋದೂ ಅಲ್ಲೇ ಅಲ್ವಾ? ಲಕ್ಷಾಂತರ ವರ್ಷಗಳಲ್ಲಿ ಮಳೆಕಾಡು ಕುಗ್ಗುತ್ತಾ ಬಂದು ಎತ್ತರದ ಬೆಟ್ಟಗಳಿಗೆ ಸೀಮಿತವಾಯಿತು. ನಡುವಿನ ಬಿಸಿ ಬಯಲು ಈ ಹಾವಿಗೆ ಸಮುದ್ರವಿದ್ದಂತೆ. ದಾಟಲು ಆಗಲಿಲ್ಲ, ಬೆರೆಯಲೂ ಆಗಲಿಲ್ಲ. ಒಂದೊಂದು ಗುಂಪೂ ತನ್ನ ಪಾಡಿಗೆ ಬದಲಾಯಿತು. ಇಂದು ಭಾರತ, ಶ್ರೀಲಂಕಾ ಸೇರಿ 50ಕ್ಕೂ ಹೆಚ್ಚು ಜಾತಿಗಳಿವೆ.

ಒಂದನ್ನು ಹತ್ತಿರದಿಂದ ನೋಡಿ: ಮೂತಿ ಮೊನಚು, ಬಾಲ ಮಾತ್ರ ಕತ್ತರಿಸಿದಂತೆ ಮೊಂಡು. ಹಲವು ಜಾತಿಗಳಲ್ಲಿ ಆ ಒರಟು ಬಾಲಕ್ಕೆ ಮಣ್ಣು ಮೆತ್ತಿಕೊಂಡಿರುತ್ತದೆ, ಬಿಲಕ್ಕೆ ಬಿರಡೆ ಹಾಕಿದ ಹಾಗೆ. ಇಂಥ ಮೈ ಹೊತ್ತು ಒಣ ನೆಲದ ಮೇಲೆ ದೂರ ಹೋಗೋದು ಕಷ್ಟ.

ನನಗೆ ಬಹಳ ಅಚ್ಚರಿ ತರುವ ಸಂಗತಿ ಇನ್ನೊಂದಿದೆ. ಹಿಮಯುಗಗಳಲ್ಲಿ ಸಮುದ್ರ 100 ಮೀಟರ್‌ಗಿಂತ ಜಾಸ್ತಿ ಇಳಿದು ಶ್ರೀಲಂಕಾಕ್ಕೆ ನೆಲದ ದಾರಿಯೇ ತೆರೆದಿತ್ತು. ಆದರೂ ಎರಡೂ ಕಡೆಯ ಹಾವುಗಳು ಹೆಚ್ಚು ಬೆರೆಯಲಿಲ್ಲ.