ಇಸಿಜಿಲಿ ‘ನಾರ್ಮಲ್ ವೇರಿಯಂಟ್’ ಅಂತ ಬಂದ್ರೆ ಹಾರ್ಟ್ ಪ್ರಾಬ್ಲಮ್ಮಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಸಕಲೇಶಪುರದ ಹತ್ರ. ಮಗನಿಗೆ 17 ವರ್ಷ, ಫುಟ್‌ಬಾಲ್ ಸೆಲೆಕ್ಷನ್‌ಗೆ ಮೆಡಿಕಲ್ ಕೇಳಿದ್ರು ಅಂತ ಹಾಸನದಲ್ಲಿ ಇಸಿಜಿ ಮಾಡಿಸಿದ್ವಿ. ‘ಸೈನಸ್ ಅರಿದ್ಮಿಯಾ, ನಾರ್ಮಲ್ ವೇರಿಯಂಟ್’ ಅಂತ ಬಂದಿದೆ. ತಂಗಿ ಗೂಗಲ್ ಮಾಡಿ ಅರಿದ್ಮಿಯಾ ಅಂದ್ರೆ ಹಾರ್ಟ್ ಕಾಯಿಲೆ ಅಂದ್ಲು, ಆವತ್ತಿಂದ ನಮ್ಮನೆಯವ್ರು ಅವನನ್ನ ಗ್ರೌಂಡಿಗೇ ಬಿಡ್ತಿಲ್ಲ. ವೇರಿಯಂಟು, ಡಿಸಾರ್ಡರು, ಸಿಂಡ್ರೋಮು ಎಲ್ಲಾ ಒಂದೇನಾ?

ಉತ್ತರ: ಒಂದೇ ಅಲ್ಲಮ್ಮ. ಅರಿದ್ಮಿಯಾ ಅಂದ್ರೆ ಬಡಿತ ಒಂದೇ ಸಮ ಇಲ್ಲ ಅಂತ ಅಷ್ಟೇ, ಅದ್ರಲ್ಲಿ ಅಪಾಯದ್ದೂ ಇದಾವೆ ಏನೂ ಮಾಡದೇ ಇರೋದೂ ಇದಾವೆ. ಇಲ್ಲಿ ಸೈನಸ್ ಅನ್ನೋದು ಮೂಗಿಂದಲ್ಲ (ನೆಗಡಿಗೂ ಇದಕ್ಕೂ ಗಂಟು ಹಾಕೋರು ಸುಮಾರು ಜನ!), ಹಾರ್ಟಲ್ಲಿ ಬಡಿತ ಶುರುವಾಗೋ ಜಾಗಕ್ಕೆ ಸೈನಸ್ ನೋಡ್ ಅಂತಾರೆ. ನಿಮ್ಮ ಮಗನಿಗೆ ಬಡಿತ ಅಲ್ಲಿಂದಲೇ ಬರ್ತಿದೆ, ಉಸಿರು ಎಳ್ಕೊಂಡಾಗ ಸ್ವಲ್ಪ ಜೋರಾಗತ್ತೆ, ಬಿಟ್ಟಾಗ ನಿಧಾನ ಆಗತ್ತೆ. ಹುಡುಗರಲ್ಲಿ, ಆಟ ಆಡೋರಲ್ಲಿ ಇದು ಮಾಮೂಲಿ, ವಯಸ್ಸಾಗ್ತಾ ಕಮ್ಮಿ ಆಗತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಅವನ ನಾಡಿ ಹಿಡ್ಕೊಂಡು ನಿಧಾನಕ್ಕೆ ಉಸಿರೆಳಿ ಅನ್ನಿ, ನಿಮ್ಮ ಬೆರಳಿಗೇ ಗೊತ್ತಾಗ್ಬಹುದು.

ವೇರಿಯಂಟ್ ಅಂದ್ರೆ ಆರೋಗ್ಯವಾಗಿರೋರಲ್ಲೇ ಒಬ್ರಿಗೊಬ್ರಿಗೆ ಇರೋ ವ್ಯತ್ಯಾಸ. ಹೆಬ್ಬೆಟ್ಟು ಕಿರುಬೆರಳು ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಿ ನೋಡಿ, ಮಧ್ಯದಲ್ಲಿ ಒಂದು ನರದ ಥರ ಎದ್ದು ನಿಲ್ಲತ್ತೆ, ಅದು ನರ ಅಲ್ಲ, ಸ್ನಾಯುವಿನ ದಾರ. ಕೆಲವರಿಗೆ ಒಂದು ಕೈಲೋ ಎರಡರಲ್ಲೋ ಅದು ಹುಟ್ಟಿಂದಲೇ ಇರಲ್ಲ, ಆದ್ರೂ ಬಿಂದಿಗೆ ಎತ್ತೋಕೆ ಏನೂ ತೊಂದ್ರೆ ಇಲ್ಲ. ಸರ್ಜನ್‌ಗಳು ಬೇರೆ ಕಡೆ ರಿಪೇರಿಗೆ ಬೇಕಾದಾಗ ಅದನ್ನೇ ತೆಗೆದು ಅಲ್ಲಿ ಜೋಡಿಸ್ತಾರೆ.

ಡಿಸಾರ್ಡರ್ ಅಂದ್ರೆ ದೇಹದ ಅಥವಾ ಮನಸ್ಸಿನ ಕೆಲಸವೇ ಏರುಪೇರಾಗಿರೋದು. ಸಿಂಡ್ರೋಮ್ ಅಂದ್ರೆ ಒಟ್ಟಿಗೆ ಕಾಣಿಸ್ಕೊಳ್ಳೋ ಲಕ್ಷಣಗಳ ಗುಂಪು, ಹೆಸರು ಕೇಳಿದ್ರೆ ಭಯ ಆಗತ್ತೆ ನಿಜ, ಆದ್ರೆ ಗಿಲ್ಬರ್ಟ್ ಸಿಂಡ್ರೋಮ್ ಇರೋರಿಗೆ ರಕ್ತದಲ್ಲಿ ಬಿಲಿರುಬಿನ್ ಅನ್ನೋ ಹಳದಿ ಅಂಶ ಸ್ವಲ್ಪ ಜಾಸ್ತಿ ಇರತ್ತೆ, ಉಪವಾಸ ಮಾಡಿದ್ರೆ ಕಣ್ಣು ಹಳದಿ ಆಗ್ಬಹುದು, ಲಿವರ್‌ಗೆ ಏನೂ ಆಗಲ್ಲ, ಮಾತ್ರೆನೂ ಬೇಡ. ಇನ್ನು ಅಕ್ಯೂಟ್ ಅಂದ್ರೆ ದಿಢೀರ್ ಬಂದಿದ್ದು, ಕ್ರಾನಿಕ್ ಅಂದ್ರೆ ಬಹಳ ದಿನದಿಂದ ಇರೋದು, ಎಷ್ಟು ಸೀರಿಯಸ್ ಅಂತ ಎರಡೂ ಹೇಳಲ್ಲ.

ಒಂದು ಮಾತ್ರ ನೋಡ್ಕೊಳ್ಳಿ. ಎಷ್ಟೋ ಇಸಿಜಿಲಿ ಆ ಸಾಲು ಮಷೀನೇ ಪ್ರಿಂಟ್ ಮಾಡೋದು, ಡಾಕ್ಟ್ರು ಓದಿ ಸೈನ್ ಹಾಕಿದಾರಾ ನೋಡಿ. ಆಡ್ತಾ ಆಡ್ತಾ ತಲೆಸುತ್ತಿ ಬಿದ್ದಿದ್ರೆ, ಎದೆನೋವು ಬಂದಿದ್ರೆ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ದಿಢೀರ್ ತೀರ್ಕೊಂಡಿದ್ರೆ ರಿಪೋರ್ಟ್ ಏನೇ ಹೇಳ್ಲಿ, ಹಾಸನದಲ್ಲೋ ಮೈಸೂರಿನ ಜಯದೇವದಲ್ಲೋ ಹಾರ್ಟ್ ಡಾಕ್ಟ್ರಿಗೆ ತೋರಿಸೋವರೆಗೂ ಆಟ ಬೇಡ. ಅದ್ಯಾವುದೂ ಇಲ್ಲ, ಡಾಕ್ಟ್ರ ಸೈನೂ ಇದೆ ಅಂದ್ರೆ ನಾಳೆಯಿಂದಲೇ ಗ್ರೌಂಡಿಗೆ ಬಿಡಿ.