ಮೊದಲ ನಗು ಮುಚ್ಚಿಟ್ಟ ತಾಯಿ

ಆಕೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 26. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಹೆಣ್ಣುಮಗಳು, ಅವರು ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ನಾನು ಆಪ್ತಸಲಹೆಯ ಕೆಲಸ ಮಾಡುವ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲೇ ಗಂಡನ ಜೊತೆ ವಾಸ, ತವರು ಅರಿಜೋನಾದ ವಿಂಡೋ ರಾಕ್ ಹತ್ತಿರ. ಮಗನಿಗೆ ನಾಲ್ಕೂವರೆ ತಿಂಗಳು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಕೂತ ತಕ್ಷಣ ಫೋನ್ ತೋರಿಸಿದರು. ಮಗು ಇನ್ನೂ ಮಗುಚಿಲ್ಲ ಅಂತ ಮಗುವಿನ ಬೆಳವಣಿಗೆ ನೋಡುವ ಆ್ಯಪ್ ಕೆಂಪು ಗುರುತು ಹಾಕಿತ್ತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ, ಮಗು ಯಾವ ತಿಂಗಳಿಗೆ ಏನು ಮಾಡುತ್ತದೆ ಎಂಬ ಪಟ್ಟಿಯಲ್ಲಿ ಮಗುಚುವುದು ಬರುವುದೇ ಆರನೇ ತಿಂಗಳಿಗೆ. ಅಂಬೆಗಾಲನ್ನಂತೂ ಪಟ್ಟಿಯಿಂದಲೇ ತೆಗೆದಿದ್ದಾರೆ. ಇದನ್ನು ಹೇಳಿದೆ. ಆಕೆಯ ಮುಖ ಸಡಿಲವಾಗಲಿಲ್ಲ. ವಿಷಯ ಬೇರೆಯೇ ಇದೆ ಅನ್ನಿಸಿತು.

ಅದು ಹೊರಬಂದದ್ದು ಎರಡನೇ ಭೇಟಿಯಲ್ಲಿ.

ದಿನೆ ಜನರಲ್ಲಿ ಮಗು ಮೊದಲ ಸಲ ಗಟ್ಟಿಯಾಗಿ ನಗುವುದು ದೊಡ್ಡ ಸಂಗತಿ. ಅಲ್ಲಿಯವರೆಗೆ ಮಗು ಇನ್ನೂ ದೇವತೆಗಳ ಜೊತೆಗಿರುತ್ತದೆ, ನಕ್ಕ ಮೇಲೆ ನಮ್ಮದಾಗುತ್ತದೆ ಎಂಬ ನಂಬಿಕೆ. (ನಮ್ಮಜ್ಜಿಯೂ ನಿದ್ದೆಯಲ್ಲಿ ನಗುವ ಕೂಸನ್ನು ಕಂಡರೆ 'ಸೆಟಿಗೆವ್ವ ನಗಿಸ್ತಾಳೆ' ಅನ್ನುತ್ತಿದ್ದರು; ಹಣೆಬರಹ ಬರೆಯುವ ದೇವತೆ ಆಕೆ.) ಯಾರು ನಗಿಸಿದರೋ ಅವರೇ ಔತಣ ಹಾಕಬೇಕು. ಅವರು ಮಗುವಿನ ಕೈ ಹಿಡಿದು, ಬಂದವರಿಗೆಲ್ಲ ಕಲ್ಲುಪ್ಪು ಕೊಡಿಸುತ್ತಾರೆ. ಮಗು ಕೊಡುಗೈ ಆಗಲಿ ಅಂತ. ನಗಿಸಿದವರ ಗುಣವೇ ಮಗುವಿಗೂ ಬರುತ್ತದಂತೆ.

ಒಂದು ಶನಿವಾರ ತವರಿಗೆ ಹೋಗುವ ದಾರಿಯಲ್ಲಿ ಗ್ಯಾಲಪ್ ಸಂತೆಗೆ ಇಳಿದಿದ್ದರು. ಗಂಡ ಜೋಳ ಕೊಳ್ಳಲು ಹೋಗಿದ್ದ. ಈಕೆ ಕಾರಿನಲ್ಲೇ ಕೂತು ರೊಟ್ಟಿಯಲ್ಲಿ ಸುತ್ತಿದ ಸುಟ್ಟ ಕುರಿಮಾಂಸ ಬಿಚ್ಚಿದರು. ಹಸಿಮೆಣಸಿನಕಾಯಿ ಘಾಟು ಮೂಗಿಗೆ ಹೊಡೆದು ಸೀನು ಬಂತು. ಮಗು ಕಿಲಕಿಲ ನಕ್ಕಿತು. ಇನ್ನೊಂದು ಸೀನು, ಇನ್ನೊಂದು ನಗು.

"ಆ ತಿಂಗಳು ಕಾರು ರಿಪೇರಿಗೆ ಎಲ್ಲ ದುಡ್ಡೂ ಹೋಗಿತ್ತು. ನನ್ನ ಕೈ ಖಾಲಿ. ಮಗನ ಕೈಯೂ ಹಾಗೇ ಆಗಿಬಿಟ್ಟರೆ?"

ಯಾರಿಗೂ ಹೇಳಲಿಲ್ಲ. ಎರಡು ವಾರದ ನಂತರ ಎಲ್ಲರೆದುರು ಆಕೆಯ ಅಣ್ಣ ಮಗುವನ್ನು ನಗಿಸಿದ. ಮನೆಯೆಲ್ಲ ಕೇಕೆ. ಔತಣದ ದಿನ ಗೊತ್ತಾಯಿತು. ಅಲ್ಲಿಂದ ನಿದ್ದೆ ಹೋಯಿತು.

'ನಗು ನಗುವೇ ಅಲ್ವಾ, ಬಿಡಿ' ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಪುಣ್ಯಕ್ಕೆ ಆಡಲಿಲ್ಲ. ಆಕೆಗೆ ಅದು ಸುಮ್ನೆ ನಗು ಅಲ್ಲ. ಮಗನ ಪಾಲಿನ ಮೊದಲ ಸಂಪತ್ತನ್ನೇ ತಾನು ಬಚ್ಚಿಟ್ಟೆ ಎಂಬ ಭಾವನೆ.

ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟೆ. ಬಾಣಂತಿಯರ ಖಿನ್ನತೆ ನೋಡಲು ಬಳಸುವ ಹತ್ತು ಪ್ರಶ್ನೆಗಳು, ಒಟ್ಟು 30 ಅಂಕ. 13 ಬಂತು. ತನಗೆ ತಾನೇ ಕೇಡು ಮಾಡಿಕೊಳ್ಳುವ ಪ್ರಶ್ನೆಗೆ ಸೊನ್ನೆ. ಆದರೂ 13 ಬಿಟ್ಟುಬಿಡುವ ಅಂಕಿ ಅಲ್ಲ. ವೈದ್ಯರ ಬಳಿ ಕಳಿಸಿದೆ. ಹೆರಿಗೆಯಾದ ಆರು ವಾರಕ್ಕೇ ಕೆಲಸಕ್ಕೆ ಮರಳಿದ್ದರು. ರಾತ್ರಿ ಎರಡು ಗಂಟೆಯ ಹಾಲಿನ ಸರದಿ ಗಂಡ ವಹಿಸಿಕೊಳ್ಳಲಿ, ಬಾಟಲಿಯಲ್ಲಿ ಕೊಡಲಿ ಅಂದೆ. ಆ್ಯಪ್‌ನ ನೆನಪೋಲೆಗಳನ್ನು ಅಲ್ಲೇ, ನನ್ನೆದುರೇ ನಿಲ್ಲಿಸಿದರು. ಅಜ್ಜಿ ಕೊಟ್ಟ ತೊಟ್ಟಿಲ ಹಲಗೆ (ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ ಮಲಗಿಸುವ ಹಲಗೆ) ಬಳಸಬಹುದೇ ಎಂದೂ ಕೇಳಿದರು. ಕಾಲು ನೇರ ಮಾಡಿ ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲಿಗೆ ತೊಂದರೆ; ಮಂಡಿ ಮಡಿಸಿ ಅಗಲಿಸಲು ಜಾಗ ಇರಬೇಕು. ಉಳಿದದ್ದನ್ನು ಮಕ್ಕಳ ವೈದ್ಯರಿಗೆ ತೋರಿಸಿ ಕೇಳಿ ಅಂದೆ.

ನಗುವಿನ ವಿಷಯಕ್ಕೆ ತೀರ್ಪು ಕೊಡಲು ನಾನು ಯಾರು? ಆ ಪದ್ಧತಿ ನನ್ನದಲ್ಲ. "ಇದನ್ನು ಬಲ್ಲವರು ನಿಮ್ಮ ಮನೆಯಲ್ಲಿ ಯಾರು?" ಎಂದು ಕೇಳಿದೆ. "ಅಮ್ಮ" ಅಂದರು. "ಔತಣಕ್ಕೆ ಮುಂಚೆ ಹೇಳಿ. ಫೋನಲ್ಲಿ ಬೇಡ, ಹೋಗಿ ಹೇಳಿ. ದುಡ್ಡಿಲ್ಲದ್ದನ್ನೂ ಸೇರಿಸಿ ಹೇಳಿ." ಹೇಗೆ ಶುರು ಮಾಡುವುದು ಎಂದು ಇಬ್ಬರೂ ಎರಡು ಸಲ ಆಡಿ ನೋಡಿದೆವು. ಎರಡೂ ಸಲ ಸೀನಿನ ಹತ್ತಿರ ಬಂದು ಆಕೆ ಅತ್ತರು.

ಮೂರು ವಾರದ ನಂತರ ಬಂದರು. ಅಮ್ಮ ತುಂಬ ಹೊತ್ತು ಮಾತೇ ಆಡಲಿಲ್ಲವಂತೆ. ಆಮೇಲೆ ಕೇಳಿದ್ದು ಒಂದೇ: "ಎಷ್ಟು ಸಲ ಸೀನಿದೆ?"

ಅಣ್ಣನಿಗೆ ಸ್ವಲ್ಪ ಮುನಿಸು. ಅವನಾಗಲೇ ಕುರಿ ಕೊಂಡಿದ್ದ. ಕೊನೆಗೆ ಮಗುವಿನ ಒಂದು ಕೈ ಅವನು, ಇನ್ನೊಂದು ಕೈ ಈಕೆ ಹಿಡಿದು ಉಪ್ಪು ಹಂಚಿದರು. ಕುರಿಯ ಅರ್ಧ ದುಡ್ಡನ್ನು ಕಂತಿನಲ್ಲಿ ತೀರಿಸುತ್ತಿದ್ದಾರೆ. ಪ್ರಶ್ನಾವಳಿಯ ಅಂಕ 8ಕ್ಕೆ ಇಳಿದಿದೆ. ಮಗು ಇನ್ನೂ ಮಗುಚಿಲ್ಲ.