ಅಳಿಯ ಲಾಡ್ಜಿನಲ್ಲಿ, ಹಂಡೆ ಒಲೆಯ ಮೇಲೆ

ಭದ್ರಾವತಿಯ ಹೆಣ್ಣುಮಗಳೊಬ್ಬರು ಬೆಂಗಳೂರಿನಿಂದ ಬರೆದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ಮೇಡಂ, ನಮ್ಮದು ಲವ್ ಮ್ಯಾರೇಜ್. ಮದುವೆಯಾಗಿ ಒಂದೂವರೆ ವರ್ಷವಾಯ್ತು. ನನ್ನ ತವರುಮನೆ ಹೆಂಚಿನದು. ಒಂದು ಹಾಲ್, ಒಂದು ರೂಮು. ಅಡುಗೆಮನೆಗೆ ಶೀಟು. ಬಚ್ಚಲು, ಕಕ್ಕಸು ಹಿತ್ತಲಲ್ಲಿ. ಮೊದಲ ದೀಪಾವಳಿಗೆ ನನ್ನ ಗಂಡ ಬಂದರು, ಆದರೆ ರಾತ್ರಿ ಉಳಿಯಲಿಲ್ಲ. ಶಿವಮೊಗ್ಗದ ಲಾಡ್ಜಿನಲ್ಲಿ ರೂಮ್ ಬುಕ್ ಮಾಡಿಕೊಂಡಿದ್ದರು, ನನಗೂ ಹೇಳಿರಲಿಲ್ಲ. ನಾನು ಅಮ್ಮನ ಜೊತೆ ಉಳಿದೆ. ಬೆಳಗ್ಗೆ ಎಣ್ಣೆ ಸ್ನಾನಕ್ಕೆ ಅಮ್ಮ ಹಂಡೆ ಕಾಯಿಸಿಟ್ಟು ಕಾಯುತ್ತಿದ್ದಳು. ಅವರು ಒಂಬತ್ತಕ್ಕೆ ಸ್ನಾನ ಮುಗಿಸಿಕೊಂಡೇ ಬಂದರು. ಬಾಯಿಬಿಟ್ಟು ಏನೂ ಅಂದಿಲ್ಲ. ಆದರೂ ನನ್ನ ಮನೆಯನ್ನು ಅಳೆದು ತೂಗಿ ಬದಿಗಿಟ್ಟ ಹಾಗೆ ಅನಿಸಿತು. ನನ್ನ ಹತ್ತಿರ ನಾಲ್ಕು ಲಕ್ಷ ಇದೆ. ಮನೆ ರಿಪೇರಿ ಮಾಡಿಸಲಾ? ಅಥವಾ ಇನ್ನು ಅವರನ್ನು ಊರಿಗೆ ಕರೆಯುವುದೇ ಬೇಡವಾ? ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ?"

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು, ಅದು ನಮ್ಮ ಕಸುಬಿನ ಚಟ. 'ನಾಚಿಕೆ' ಅನ್ನುವ ಮಾತು ಬಂದಲ್ಲೆಲ್ಲ ಗೆರೆ ಎಳೆದೆ. ಆರು ಕಡೆ ಸಿಕ್ಕಿತು. ಅದರಲ್ಲಿ ನಿಮ್ಮ ಗಂಡನ ಲೆಕ್ಕಕ್ಕೆ ಹೋಗುವುದು ಒಂದು. ಉಳಿದ ಐದೂ ನಿಮ್ಮವೇ. ಬಸ್ ಇಳಿದ ಮೇಲೆ ಆಟೋದಲ್ಲಿ ನೀವು ಅವರಿಗೆ ಹೇಳಿದ್ದನ್ನು ನೀವೇ ಬರೆದಿದ್ದೀರಿ: "ಮನೆ ತುಂಬಾ ಚಿಕ್ಕದು ಕಣೋ, ಬೇಜಾರು ಮಾಡ್ಕೋಬೇಡ." ಕಕ್ಕಸಿನ ವಿಷಯ ಬೇರೆ ಹೇಳಿದಿರಿ. ಶೀಟಿನ ಮೇಲೆ ಮಳೆ ಬಿದ್ದರೆ ಮಾತೇ ಕೇಳಿಸಲ್ಲ ಅಂತಲೂ ಹೇಳಿದಿರಿ. ಅವರು ಬಾಗಿಲು ದಾಟುವ ಮೊದಲೇ ನೀವು ಆ ಮನೆಯ ಪರವಾಗಿ ಕ್ಷಮೆ ಕೇಳಿಯಾಗಿತ್ತು.

ತಪ್ಪೆಲ್ಲ ನಿಮ್ಮದೇ ಅನ್ನುತ್ತಿಲ್ಲ. ಹೆಂಡತಿಗೂ ಹೇಳದೆ ಲಾಡ್ಜ್ ಬುಕ್ ಮಾಡಿದ್ದು ಸರಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮಗೆ ಇಷ್ಟು ಉರಿದಿದ್ದು ಲಾಡ್ಜಿಗಾಗಿ ಮಾತ್ರ ಅಲ್ಲ ಅನಿಸುತ್ತದೆ. ನಿಮ್ಮೊಳಗೆ ಬಚ್ಚಿಟ್ಟುಕೊಂಡಿದ್ದ ನಾಚಿಕೆ ಅವರ ಕೈಗೆ ಸಿಕ್ಕಿಬಿಟ್ಟಿತು, ಅಲ್ವಾ?

ಇದು ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸಂಜೆ ತಡವಾದರೆ ಆಫೀಸಿನ ಜೀಪು ಮನೆಗೆ ಬಿಡುತ್ತಿತ್ತು. ನಾನು ಎರಡು ಬೀದಿ ಹಿಂದೆ, ದೊಡ್ಡ ಕಾಂಪೌಂಡಿನ ಮನೆಯೊಂದರ ಮುಂದೆ ಇಳಿಯುತ್ತಿದ್ದೆ. ಒಂದು ದಿನ ಅಪ್ಪ ಸೊಪ್ಪಿನ ಚೀಲ ಹಿಡಿದುಕೊಂಡು ಎದುರಿಗೇ ಬಂದರು. ಜೀಪು ನೋಡಿದರು, ನನ್ನನ್ನು ನೋಡಿದರು, ಆ ಗೇಟನ್ನೂ ನೋಡಿದರು. ಮಾತಾಡಿಸದೆ ರಸ್ತೆಯ ಆ ಕಡೆಗೆ ದಾಟಿ ಹೋಗಿಬಿಟ್ಟರು. ಮನೆಗೆ ಬಂದ ಮೇಲೂ ಕೇಳಲಿಲ್ಲ, ಸುಮ್ನೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯ್ತು. ನಾನೂ ಆ ಮಾತು ಎತ್ತಲೇ ಇಲ್ಲ.

ಇರಲಿ, ನಿಮ್ಮ ಮನೆಗೆ ಬರೋಣ. ನಿಮ್ಮಪ್ಪ ಕಾರ್ಖಾನೆಯ ನೌಕರರು. ಭದ್ರಾವತಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು. ಅಂಥ ಊರುಗಳಲ್ಲಿ ಕ್ವಾರ್ಟರ್ಸಿನಲ್ಲಿದ್ದವರ ತಲೆಯಲ್ಲಿ ಒಂದು ದಿನಾಂಕ ಯಾವಾಗಲೂ ಕೂತಿರುತ್ತದೆ. ರಿಟೈರ್ ಆದ ಮೇಲೆ ಬೀಗದಕೈ ಕೊಟ್ಟು ಹೊರಡಬೇಕು. ನಿಮ್ಮಪ್ಪ ಮೊದಲೇ ಎಚ್ಚರಾಗಿ, 1999ರಲ್ಲಿ ಪಿಎಫ್ ಹಣ ತೆಗೆದು ಪಾಯ ಹಾಕಿಸಿದರು. ಅಮ್ಮನ ಎರಡೆಳೆ ಸರ ಹೆಂಚಾಯಿತು. ದುಡ್ಡು ಮುಗಿದ ಕಡೆ ಶೀಟು ಬಂತು. ಇದೆಲ್ಲ ನೀವು ನನಗೆ ಬರೆದಿದ್ದು. ಗಂಡನಿಗೆ ಹೇಳಿದ್ದೀರಾ? ಪತ್ರದಲ್ಲಂತೂ ಆ ಸುಳಿವಿಲ್ಲ. ಅವರಿಗೆ ಗೊತ್ತಿರುವುದು ಆಟೋದಲ್ಲಿ ನೀವು ಕೊಟ್ಟ ಪಟ್ಟಿ ಮಾತ್ರ: ಚಿಕ್ಕದು, ಶೀಟು, ಹೊರಗಡೆ ಕಕ್ಕಸು. "ಮಾವ ಯಾಕೆ ಮೇಲೊಂದು ಫ್ಲೋರ್ ಎತ್ತಿಸಲಿಲ್ಲ?" ಅಂತ ಅವರು ಕೇಳಿದ್ದು ನಿಮಗೆ ಚುಚ್ಚಿತು. ಅದು ಕೊಂಕಾಗಿರಬಹುದು, ಗೊತ್ತಿಲ್ಲದವರ ಪ್ರಶ್ನೆಯೂ ಆಗಿರಬಹುದು. ನೀವು ಉತ್ತರ ಕೊಡದೆ ಎದ್ದು ಅಡುಗೆಮನೆಗೆ ಹೋದಿರಿ.

ಪತ್ರದ ಕೊನೆಯ ಪುಟದಲ್ಲಿ, ಸಂಬಂಧವೇ ಇಲ್ಲದ ಹಾಗೆ, ಸಕಲೇಶಪುರದ ಹೋಂಸ್ಟೇ ವಿಷಯ ಬರೆದಿದ್ದೀರಿ. ಮದುವೆಯಾದ ಹೊಸತರಲ್ಲಿ ಹೋಗಿದ್ದು. ಅಲ್ಲಿನ ಕೆಂಪು ನೆಲ, ಹೆಂಚಿನ ಮಾಡು ನೋಡಿ ಅವರು ಫೋಟೋ ಮೇಲೆ ಫೋಟೋ ತೆಗೆದರಂತೆ. ನನಗೆ ನಗು ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಊರೂರಿಗೆ ಹೋದದ್ದು ಇದೇ ಹೆಂಚು. ನಿಮ್ಮ ಮನೆಯ ಮೇಲಿರುವುದೂ ಅದೇ ಜಾತಿಯದು. ನಿಮ್ಮ ಮನೆಯಲ್ಲೂ ಇರುವ ಆ ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್ ನೆಲವಂತೂ ಸುಲಭದ ಕೆಲಸವಲ್ಲ. ಗಾರೆಯವನು ಒಂದು ಕೋಣೆಗೆ ಕೂತರೆ ಒಂದೇ ಉಸಿರಿಗೆ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ತರಬೇಕು, ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕು. ಈಗ ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸುವವರು ಆ ಕೈಗೆಲಸದವರನ್ನು ಹುಡುಕಿಕೊಂಡು ಓಡಾಡುತ್ತಿದ್ದಾರೆ. ದಯವಿಟ್ಟು ನಾಲ್ಕು ಲಕ್ಷದಲ್ಲಿ ಅದರ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಬೇಡಿ. (ಇದು ಸಲಹೆಯಲ್ಲ, ನನ್ನ ಹೊಟ್ಟೆಯುರಿ.)

ಹಾಗಾದರೆ ಹೆಂಚು, ನೆಲ ಅವರಿಗೆ ಆಗದ್ದಲ್ಲ. ಮತ್ತೇನು? ಇಲ್ಲಿ ಅವರ ಕಡೆಗೂ ಸ್ವಲ್ಪ ಮಾತಾಡುತ್ತೇನೆ. ನಿಮ್ಮ ಮನೆಯಲ್ಲಿ ಇರುವುದು ಒಂದೇ ರೂಮು. ಅದನ್ನು ಹೊಸ ಜೋಡಿಗೆ ಬಿಟ್ಟುಕೊಟ್ಟು ಅಪ್ಪ ಅಮ್ಮ ಹಾಲ್‌ನಲ್ಲಿ ಚಾಪೆ ಹಾಕುತ್ತಾರೆ. ನಡುವೆ ಇರುವುದು ಒಂದು ಕರ್ಟನ್. ಮಾವ ಕೆಮ್ಮಿದರೆ ಕೇಳಿಸುತ್ತದೆ, ಅಳಿಯ ಮಗ್ಗಲು ಬದಲಿಸಿದರೂ ಕೇಳಿಸುತ್ತದೆ. ರಾತ್ರಿ ಎದ್ದರೆ ಅವರನ್ನು ದಾಟಿಕೊಂಡು ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಬೇಕು. ಹೋಂಸ್ಟೇಯಲ್ಲಿ ದುಡ್ಡು ಕೊಟ್ಟವನಿಗೆ ಈ ಸಂಕೋಚ ಇಲ್ಲ. ಹೊಸ ಅಳಿಯನಿಗೆ ಇದೆ. ವಯಸ್ಸಾದವರನ್ನು ನೆಲದ ಮೇಲೆ ಮಲಗಿಸಿ ತಾನು ಮಂಚದ ಮೇಲೆ ಮಲಗಲು ಮುಜುಗರವಾಗಿ ಲಾಡ್ಜ್ ಹಿಡಿದ ಗಂಡಸರನ್ನು ನಾನು ಕಂಡಿದ್ದೇನೆ. ಅವರಿಗೆ ಅದನ್ನು ಹೇಳಲು ಬರುವುದಿಲ್ಲ, "ನಂಗೆ ಹೊಸ ಜಾಗದಲ್ಲಿ ನಿದ್ದೆ ಬರಲ್ಲ" ಅಂದುಬಿಡುತ್ತಾರೆ. ನಿಮ್ಮವರೂ ಅದನ್ನೇ ಅಂದಿದ್ದಾರೆ. ಅದು ನಿಜವೋ ನೆಪವೋ ನಾನು ಇಲ್ಲಿ ಕೂತು ಹೇಳಲಾರೆ. ಕೇಳಬೇಕಾದವರು ನೀವು.

ಆದರೆ ಕೇಳುವಾಗ "ನಿನಗೆ ನಮ್ಮ ಮನೆ ಕಂಡರೆ ಅಸಡ್ಡೆ" ಅಂತ ಶುರುಮಾಡಬೇಡಿ. ಅವರು "ಇಲ್ಲ" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹೋಂಸ್ಟೇ ಫೋಟೋ ತೋರಿಸಿ ಹಂಗಿಸುವುದೂ ಬೇಡ, ಮುಂದೊಂದು ದಿನ ನಗುವುದಕ್ಕೆ ಇಟ್ಟುಕೊಳ್ಳಿ. ಹಂಡೆಯ ವಿಷಯ ಹೇಳಿ. ಹಿಂದಿನ ದಿನ, ನೀರು ತುಂಬುವ ಹಬ್ಬಕ್ಕೆ, ಅಮ್ಮ ಹಂಡೆ ತಿಕ್ಕಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು ಬಳ್ಳಿ ಕಟ್ಟಿದ್ದು. ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದ್ದು. ಅಳಿಯನಿಗೆ ಅಂತ ಹೊಸ ಟವೆಲ್ ಮಡಚಿಟ್ಟಿದ್ದು. ಅವರು ಬರುವ ಹೊತ್ತಿಗೆ ಟವೆಲ್ ಒಳಗಿಟ್ಟು ಏನೂ ಆಗದವಳ ಹಾಗೆ ತಿಂಡಿ ಬಡಿಸಿದ್ದು. ಇಷ್ಟು ಹೇಳಿ, ಬಣ್ಣ ಕಟ್ಟಬೇಡಿ. ಬೆಂಗಳೂರಿನಲ್ಲಿ ಗೀಸರ್ ಒತ್ತಿ ಬೆಳೆದವರಿಗೆ ಹಂಡೆ ಕಾಯಿಸುವುದು ಒಂದು ಕೆಲಸ ಅನ್ನುವುದೇ ಹೊಳೆದಿರುವುದಿಲ್ಲ. ಇಷ್ಟು ಕೇಳಿದ ಮೇಲೂ ನಕ್ಕರೆ, ಅಥವಾ "ಅದಕ್ಕೇನೀಗ" ಅಂದರೆ, ಆಗ ಇನ್ನೊಂದು ಪತ್ರ ಬರೆಯಿರಿ. ಅದಕ್ಕೆ ನನ್ನ ಉತ್ತರ ಇಷ್ಟು ಮೆತ್ತಗಿರುವುದಿಲ್ಲ.

ಅತ್ತೆಯವರು ಮದುವೆಗೆ ಮೊದಲು ಚಾಮರಾಜಪೇಟೆಯ ವಠಾರದಲ್ಲಿದ್ದರು ಅಂತ ಒಂದು ಸಾಲು ಬರೆದಿದ್ದೀರಿ. ಬಿಡುವಾದಾಗ ಅವರನ್ನು ಮಾತಿಗೆಳೆಯಿರಿ, ಮಗನೂ ಅಲ್ಲೇ ಕೂತಿರಲಿ.

ಇನ್ನು ರಿಪೇರಿ. ಅಳಿಯನಿಗೋಸ್ಕರ ಅಂತ ಒಂದು ಇಟ್ಟಿಗೆಯನ್ನೂ ಅಲುಗಾಡಿಸಬೇಡಿ. ನಿಮ್ಮಪ್ಪನಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆದರೆ ಅಪ್ಪನಿಗೆ ಮಂಡಿನೋವು, ಕೂತರೆ ಏಳಲು ಗೋಡೆ ಹಿಡಿಯಬೇಕು ಅಂತ ಬರೆದಿದ್ದೀರಲ್ಲ, ಅದೂ ಅರ್ಧ ಸಾಲಿನಲ್ಲಿ? ಅವರಿಗೆ ಕಮೋಡ್ ಬೇಕು. ಗೋಡೆಗೊಂದು ಹಿಡಿ, ಹಿತ್ತಲ ದಾರಿಗೊಂದು ಲೈಟ್, ಮಳೆಗೆ ಜಾರದ ಹಾಗೆ ನಾಲ್ಕು ಚಪ್ಪಡಿ. ಇದಕ್ಕೆ ನಾಲ್ಕು ಲಕ್ಷ ಬೇಕಿಲ್ಲ. ಮಾಡಿಸಿಬಿಟ್ಟು ಹೇಳಬೇಡಿ, ಮೊದಲು ಅಪ್ಪನನ್ನು ಕೇಳಿ. ಎಲ್ಲಿ, ಹೇಗೆ ಅಂತ ಅವರೇ ಹೇಳಲಿ, ಮೇಸ್ತ್ರಿಯನ್ನು ಅವರೇ ಕರೆಸಲಿ. ಕಟ್ಟಿದವರು ಅವರು.

ಮುಂದಿನ ಸಲ ಇಬ್ಬರೂ ಬಸ್ ಇಳಿದು ಆಟೋ ಹತ್ತಿದಾಗ ಮನೆ ಚಿಕ್ಕದು ಅನ್ನಬೇಡಿ. ಬೇರೇನಾದರೂ ಮಾತಾಡಿ. ಕಮೋಡಿಗೆ ಅಪ್ಪ ಏನಂದರು ಅಂತ ನನಗೆ ಒಂದು ಕಾರ್ಡ್ ಹಾಕಿ.

— ಸಂಪಾದಕಿ